ಆಸ್ಟ್ರೇಲಿಯಾದ ಮೊಲ: ವೈರಸ್ ಯಾಕೆ ಮೆತ್ತಗಾಯಿತು?

ಹೊರಗಿನಿಂದ ತಂದ ಪ್ರಾಣಿ ಕೈತಪ್ಪಿ ಹೋದರೆ ಏನಾಗುತ್ತದೆ ಅನ್ನೋದಕ್ಕೆ ಆಸ್ಟ್ರೇಲಿಯಾದ ಮೊಲದ ಉದಾಹರಣೆ ಪರಿಸರ ವಿಜ್ಞಾನದ ಪುಸ್ತಕಗಳಲ್ಲಿ ಬಂದೇ ಬರುತ್ತದೆ. ಸಾಮಾನ್ಯವಾಗಿ ನಾಲ್ಕು ಮಾತಲ್ಲಿ ಮುಗಿದುಹೋಗುತ್ತದೆ. ಮೊಲ ಬಿಟ್ಟರು, ಮಿತಿಮೀರಿ ಹೆಚ್ಚಿದವು, ವೈರಸ್ ಹರಡಿದರು, ಆಮೇಲೆ ನಿರೋಧಕತೆ ಬಂತು. ಈ ಕೊನೆಯ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಅವನ್ನು ಬಿಡಿಸಿಕೊಳ್ಳೋಕೆ ನನಗೆ ಬಹಳ ಹೊತ್ತು ಹಿಡಿಯಿತು. ಹಾಗಾಗಿ ಪರೀಕ್ಷೆಗೆ ಓದುವವರಿಗೆ ಬರೆದ ಈ ಟಿಪ್ಪಣಿಯ ದೊಡ್ಡ ಪಾಲು ಅದಕ್ಕೇ ಹೋಗಿದೆ.

ಮೊದಲು ಕಥೆ

1788ರಲ್ಲಿ ಬ್ರಿಟಿಷರ ಮೊದಲ ಹಡಗುಗಳಲ್ಲೇ ಮೊಲ ಬಂದಿದ್ದವು. ಅವು ಸಾಕುಮೊಲಗಳು, ಅಷ್ಟಾಗಿ ಹರಡಲಿಲ್ಲ. 1859ರ ಕೊನೆಗೆ ವಿಕ್ಟೋರಿಯಾದ ಬಾರ್ವನ್ ಪಾರ್ಕ್ ಎಸ್ಟೇಟಿನ ಥಾಮಸ್ ಆಸ್ಟಿನ್ ಬೇಟೆಯಾಡುವುದಕ್ಕೆಂದು ಇಂಗ್ಲೆಂಡಿನಿಂದ 24 ಮೊಲ ತರಿಸಿದರು. ಇವುಗಳಲ್ಲಿ ಕಾಡುಮೊಲದ ವಂಶ ಇತ್ತು. ಇಂದು ಅಲ್ಲಿರುವ ಮೊಲಗಳಲ್ಲಿ ಹೆಚ್ಚಿನವು ಈ ಒಂದೇ ಗುಂಪಿನಿಂದ ಬಂದವು ಅಂತ 2022ರ ಡಿಎನ್‌ಎ ಅಧ್ಯಯನ ತೋರಿಸಿತು. ಸಾಕುಮೊಲ ಸೋತ ಕಡೆ ಕಾಡುಮೊಲ ಗೆದ್ದಿತು. ತಂದ ಪ್ರಾಣಿ ಯಾವುದು ಅನ್ನೋದರ ಜೊತೆಗೆ, ಯಾವ ತಳಿ ಅನ್ನೋದೂ ಮುಖ್ಯ.

ಆಮೇಲಿನದು ಓಟ. ಬಯಲು ಸೀಮೆಯಲ್ಲಿ ವರ್ಷಕ್ಕೆ 100 ಕಿ.ಮೀ.ವರೆಗೂ ಮುಂದೆ ಸಾಗಿದವು. 1887ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಪರಿಹಾರ ಹೇಳಿದವರಿಗೆ 25,000 ಪೌಂಡ್ ಬಹುಮಾನ ಸಾರಿತು. ಲೂಯಿ ಪಾಶ್ಚರ್ ಕೋಳಿ ಕಾಲರಾದ ಬ್ಯಾಕ್ಟೀರಿಯಾ ಹರಡಬಹುದು ಅಂತ ಮುಂದೆ ಬಂದರು. ಬಹುಮಾನ ಯಾರಿಗೂ ಸಿಗಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾ 1901ರಿಂದ 1907ರವರೆಗೆ ಉದ್ದುದ್ದ ಬೇಲಿ ಹಾಕಿತು. ಒಂದನೇ ನಂಬರಿನ ಬೇಲಿಯೇ 1,800 ಕಿ.ಮೀ. ದಾಟುತ್ತದೆ. ಅದು ಮುಗಿಯುವ ಮೊದಲೇ ಮೊಲ ಆಚೆ ಹೋಗಿ ಆಗಿತ್ತು.

ಹಾನಿ ಕಣ್ಣಿಗೆ ಬೀಳುವುದಿಲ್ಲ

ಹಾನಿ ಅಂದರೆ ಹುಲ್ಲೆಲ್ಲ ಬೋಳಾದ ನೆಲದ ಚಿತ್ರವೇ ಮನಸ್ಸಿಗೆ ಬರುತ್ತದೆ. ಅದು ನಿಜವೇ. ಆದರೆ ಅದಕ್ಕಿಂತ ಆಳವಾದ ಹಾನಿ ಮೊಲ ಕಡಿಮೆ ಇದ್ದಾಗಲೂ ಆಗುತ್ತದೆ. ಒಳನಾಡಿನ ಒಣ ಪ್ರದೇಶದಲ್ಲಿ ಮಲ್ಗಾ ಅಂತ ಒಂದು ಮರ ಇದೆ. ನಮ್ಮ ಮಲೆನಾಡಲ್ಲಿ ನೆಟ್ಟಿರುವ ಅಕೇಶಿಯಾದ ನೆಂಟ. ಅದರ ಬೀಜ ಮೊಳೆಯುವುದು ಒಳ್ಳೆ ಮಳೆ ಬಂದ ವರ್ಷ ಮಾತ್ರ. ಆ ಎಳೆ ಸಸಿಗಳನ್ನು ಮೊಲ ಹುಡುಕಿ ಹುಡುಕಿ ತಿನ್ನುತ್ತದೆ. ಒಂದು ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಗೆ, ಒಂದು ಮೊಲಕ್ಕಿಂತ ಕಡಿಮೆ ಇದ್ದರೂ ಸಸಿ ಮೇಲೇಳುವುದಿಲ್ಲ! ದೊಡ್ಡ ಮರಗಳು ಹಾಗೇ ನಿಂತಿರುತ್ತವೆ, ಕಾಡು ಚೆನ್ನಾಗಿಯೇ ಕಾಣುತ್ತದೆ. ಆದರೆ ಕೆಳಗೆ ಒಂದೂ ಮರಿಗಿಡ ಇರುವುದಿಲ್ಲ. ಮುದಿಮರಗಳು ಸತ್ತ ಮೇಲೆ ಅವುಗಳ ಜಾಗಕ್ಕೆ ಬರುವವು ಯಾವುವು?

ಇನ್ನೊಂದು ಕೊಂಡಿ: ಬೇಟೆಗೆಂದೇ ತಂದ ನರಿ ಮತ್ತು ಮನೆ ಬಿಟ್ಟ ಬೆಕ್ಕು. ಇವೆರಡಕ್ಕೂ ಮೊಲವೇ ವರ್ಷಪೂರ್ತಿ ಊಟ. ಮೊಲ ಹೆಚ್ಚಿದರೆ ಅವೂ ಹೆಚ್ಚುತ್ತವೆ. ಬರಗಾಲದಲ್ಲಿ ಮೊಲ ಕಡಿಮೆಯಾದಾಗ ಹಸಿದ ನರಿ, ಬೆಕ್ಕುಗಳು ಬಿಲ್ಬಿಯಂಥ (ಬಿಲದಲ್ಲಿರುವ, ಉದ್ದ ಕಿವಿಯ ಪುಟ್ಟ ಪ್ರಾಣಿ) ಸ್ಥಳೀಯ ಪ್ರಾಣಿಗಳ ಮೇಲೆ ಬೀಳುತ್ತವೆ. ಅಂದರೆ ಮೊಲ ಬಿಲ್ಬಿಯ ಮೇವು, ಬಿಲ ಕಸಿಯುವುದಷ್ಟೇ ಅಲ್ಲ, ಅದರ ಶತ್ರುಗಳನ್ನೂ ಸಾಕುತ್ತದೆ.

ವೈರಸ್: ಇಲ್ಲೇ ನಿಧಾನವಾಗಿ ಓದಿ

ಮಿಕ್ಸೋಮಾ ದಕ್ಷಿಣ ಅಮೆರಿಕದ ವೈರಸ್. ಅಲ್ಲಿನ ಮೊಲಗಳಿಗೆ ಬಂದರೆ ಚರ್ಮದ ಮೇಲೊಂದು ಸಣ್ಣ ಗಂಟು, ಅಷ್ಟೇ. ಯುರೋಪಿನ ಮೊಲಕ್ಕೆ ಮಾತ್ರ ಮಾರಕ. 1950ರಲ್ಲಿ ಆಗ್ನೇಯ ಆಸ್ಟ್ರೇಲಿಯಾದ ಮರ್ರೆ ನದಿ ಕಣಿವೆಯಲ್ಲಿ ಇದನ್ನು ಬಿಟ್ಟರು. ಸೋಂಕು ತಗುಲಿದ ಮೊಲಗಳಲ್ಲಿ 99%ಗಿಂತ ಜಾಸ್ತಿ ಸತ್ತವು. ಅದೇ ಹೊತ್ತಿಗೆ ಆ ಕಣಿವೆಯ ಜನರಲ್ಲಿ ಮಿದುಳು ಜ್ವರ ಕಾಣಿಸಿಕೊಂಡು, ಮೊಲದ ವೈರಸ್ಸೇ ಕಾರಣ ಅಂತ ಗಾಬರಿಯಾಯಿತು. ವಿಜ್ಞಾನಿಗಳಾದ ಇಯಾನ್ ಕ್ಲೂನೀಸ್ ರಾಸ್, ಫ್ರಾಂಕ್ ಫೆನ್ನರ್, ಮ್ಯಾಕ್‌ಫರ್ಲೇನ್ ಬರ್ನೆಟ್ ಮೂವರೂ ತಮಗೇ ಆ ವೈರಸ್ ಚುಚ್ಚಿಸಿಕೊಂಡು ಮನುಷ್ಯರಿಗೆ ಏನೂ ಆಗುವುದಿಲ್ಲ ಅಂತ ತೋರಿಸಿದರು. ಈ ಧೈರ್ಯ ನೆನಪಿಟ್ಟುಕೊಳ್ಳಬೇಕಾದದ್ದು.

ಕೆಲವೇ ವರ್ಷಗಳಲ್ಲಿ ಸಾಯುವ ಮೊಲಗಳ ಪ್ರಮಾಣ ಇಳಿಯಿತು. ಯಾಕೆ? ಎರಡು ಉತ್ತರ ಸಾಧ್ಯ. ಒಂದು, ವೈರಸ್ ಮೆತ್ತಗಾಯಿತು. ಎರಡು, ಮೊಲ ಗಟ್ಟಿಯಾಯಿತು. ಬಯಲಲ್ಲಿ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಇವನ್ನು ಬೇರೆ ಮಾಡಿದ ಉಪಾಯ ಸರಳ: ಒಂದನ್ನು ಬದಲಾಗದಂತೆ ಹಿಡಿದಿಟ್ಟು ಇನ್ನೊಂದನ್ನು ನೋಡುವುದು.

ವೈರಸ್ ಬದಲಾಗಿದೆಯಾ ತಿಳಿಯಬೇಕಾದರೆ, ಬಯಲಿನಿಂದ ವೈರಸ್ ತಂದು, ಈ ರೋಗವನ್ನೇ ಕಾಣದ ಪ್ರಯೋಗಾಲಯದ ಮೊಲಕ್ಕೆ ಕೊಡಬೇಕು. ಮೊಲ ಬದಲಾಗಿದೆಯಾ ತಿಳಿಯಬೇಕಾದರೆ, ಬಯಲಿನ ಮೊಲ ತಂದು, ಫ್ರಿಜ್ಜಿನಲ್ಲಿ ಕಾದಿಟ್ಟ ಅದೇ ಹಳೇ ತಳಿಯ ವೈರಸ್ ಕೊಡಬೇಕು. ಆ ಮೊಲಕ್ಕೆ ಮೊದಲೇ ರೋಗ ಬಂದು ವಾಸಿಯಾಗಿರಬಾರದು. ಇಲ್ಲದಿದ್ದರೆ ನಾವು ಅಳೆಯುವುದು ಹುಟ್ಟಿನಿಂದ ಬಂದ ಶಕ್ತಿಯನ್ನಲ್ಲ, ಆಮೇಲೆ ಗಳಿಸಿದ ಪ್ರತಿರಕ್ಷೆಯನ್ನು.

ಫೆನ್ನರ್ ಮತ್ತು ಜೊತೆಗಾರರು ಎರಡೂ ಮಾಡಿದರು. ಎರಡಕ್ಕೂ ಉತ್ತರ ಹೌದು. ನ್ಯೂ ಸೌತ್ ವೇಲ್ಸ್‌ನ ಲೇಕ್ ಯುರಾನಾದ ಮೊಲಗಳಲ್ಲಿ, ಏಳು ಸಲ ರೋಗ ಬಂದುಹೋದ ಮೇಲೆ, ಅದೇ ತಳಿಯ ವೈರಸ್ಸಿಗೆ ಸಾಯುವವು ಸುಮಾರು 90%ರಿಂದ ಸುಮಾರು 25%ಕ್ಕೆ ಇಳಿದವು. ಇದು ಮೊಲದ ಕಡೆಯ ಬದಲಾವಣೆ. ಬದುಕಿದವು ಮರಿ ಹಾಕಿದವು, ಇದರಲ್ಲಿ ಕಷ್ಟವೇನೂ ಇಲ್ಲ.

ಕಷ್ಟ ಇರೋದು ವೈರಸ್ಸಿನ ಕಡೆ. ವೈರಸ್ ತಳಿಗಳನ್ನು ಐದು ದರ್ಜೆ ಮಾಡಿದ್ದರು. ಒಂದನೇ ದರ್ಜೆ 99%ಗಿಂತ ಜಾಸ್ತಿ ಕೊಲ್ಲುತ್ತದೆ, 13 ದಿನದೊಳಗೆ. ಮೂರನೆಯದು 70ರಿಂದ 95%, ಮೊಲ 17ರಿಂದ 28 ದಿನ ಬದುಕಿರುತ್ತದೆ. ಐದನೆಯದು 50%ಗಿಂತ ಕಡಿಮೆ. ಬಿಟ್ಟದ್ದು ಒಂದನೇ ದರ್ಜೆ. ಕೆಲವೇ ವರ್ಷದಲ್ಲಿ ಬಯಲಲ್ಲಿ ಹೆಚ್ಚಾಗಿ ಸಿಕ್ಕಿದ್ದು ಮೂರನೇ ದರ್ಜೆ.

"ತನ್ನ ಮನೆ ಸುಡದಿರಲಿ ಅಂತ ವೈರಸ್ ಸೌಮ್ಯವಾಯಿತು" ಅಂತ ಬರೆಯಬೇಡಿ. ಹಾಗಿದ್ದರೆ ಐದನೇ ದರ್ಜೆಯೇ ಗೆಲ್ಲಬೇಕಿತ್ತು. ಉತ್ತರ ಸೊಳ್ಳೆಯಲ್ಲಿದೆ. ಮೊಲದ ಚರ್ಮದ ಗಂಟುಗಳಲ್ಲಿ ವೈರಸ್ ತುಂಬಿರುತ್ತದೆ. ಸೊಳ್ಳೆ ಅಲ್ಲಿ ಚುಚ್ಚಿದಾಗ ಅದರ ಬಾಯಿಗೆ ವೈರಸ್ ಅಂಟಿಕೊಳ್ಳುತ್ತದೆ. ಮಲೇರಿಯಾದ ಪರಾವಲಂಬಿಯಂತೆ ಸೊಳ್ಳೆಯೊಳಗೆ ಬೆಳೆಯುವುದಿಲ್ಲ, ಸುಮ್ನೆ ಬಾಯಿಗೆ ಅಂಟಿಕೊಂಡು ಒಂದು ಮೊಲದಿಂದ ಇನ್ನೊಂದಕ್ಕೆ ಸಾಗುತ್ತದೆ. ಹಾಗಾಗಿ ಲೆಕ್ಕಕ್ಕೆ ಬರುವುದು ಎರಡೇ: ಗಂಟಿನಲ್ಲಿ ವೈರಸ್ ಎಷ್ಟಿದೆ, ಅಂಥ ಗಂಟು ಇರುವ ಮೊಲ ಎಷ್ಟು ದಿನ ಬದುಕಿರುತ್ತದೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಸೋಂಕು ತಗುಲಿದ 6ನೇ ದಿನದಿಂದ ಗಂಟು ಸಿದ್ಧ, ದಿನಕ್ಕೆ 10 ಸೊಳ್ಳೆ ಕಚ್ಚುತ್ತವೆ ಅಂತಿಟ್ಟುಕೊಳ್ಳಿ. ಒಂದನೇ ದರ್ಜೆಯ ಮೊಲ 11ನೇ ದಿನ ಸಾಯುತ್ತದೆ. ಸಿಕ್ಕ ದಿನ 5, ಸೊಳ್ಳೆ 50. ಮೂರನೇ ದರ್ಜೆಯದು 23ನೇ ದಿನ ಸಾಯುತ್ತದೆ. ದಿನ 17, ಸೊಳ್ಳೆ 170. ಐದನೇ ದರ್ಜೆಯಲ್ಲಿ ಮೊಲ ಸಾಯದೇ ಇರಬಹುದು. ಆದರೆ ಗಂಟಿನಲ್ಲಿ ವೈರಸ್ ಕಡಿಮೆ, ಬೇಗ ವಾಸಿ. ಕಚ್ಚಿದ ಸೊಳ್ಳೆಗಳಲ್ಲಿ ರೋಗ ಒಯ್ಯುವವು ಕೆಲವೇ. ನಡುವಿನದು ಗೆಲ್ಲುತ್ತದೆ. ಸೊಳ್ಳೆ ಕಡಿಮೆ ಇರುವ ಚಳಿಗಾಲದಲ್ಲಂತೂ ಬೇಗ ಕೊಲ್ಲುವ ತಳಿ, ಮುಂದಿನ ಸೊಳ್ಳೆ ಬರುವ ಮೊದಲೇ ಮೊಲದ ಜೊತೆ ತಾನೂ ಮುಗಿದುಹೋಗುತ್ತದೆ.

ಇಲ್ಲಿಂದ ಇನ್ನೊಂದು ಹೆಜ್ಜೆ. ಮೊಲ ಗಟ್ಟಿಯಾದಂತೆ, ಮೂರನೇ ದರ್ಜೆಯ ತಳಿ ಅದರಲ್ಲಿ ಐದನೇ ದರ್ಜೆಯಂತೆ ವರ್ತಿಸುತ್ತದೆ. ಆಗ ಮತ್ತೆ ಚುರುಕಾದ ವೈರಸ್ಸಿಗೇ ಲಾಭ. 1990ರ ದಶಕದ ಬಯಲಿನ ವೈರಸ್ ತಳಿಗಳನ್ನು ಪ್ರಯೋಗಾಲಯದ ಮೊಲಗಳಿಗೆ ಕೊಟ್ಟಾಗ ಕೆಲವು ಅವುಗಳ ರೋಗನಿರೋಧಕ ವ್ಯವಸ್ಥೆಯನ್ನೇ ಕುಸಿಯುವಂತೆ ಮಾಡಿದವು. ಮೆತ್ತಗಾಗುವುದು ಕೊನೆಯ ನಿಲ್ದಾಣವಲ್ಲ.

ಎರಡನೇ ವೈರಸ್ಸಿನ ಬಗ್ಗೆ ಇಷ್ಟು ಸಾಕು. 1984ರಲ್ಲಿ ಚೀನಾದಲ್ಲಿ ಕಂಡ, ಮೊಲಗಳನ್ನು ಕೊಲ್ಲುವ ಕ್ಯಾಲಿಸಿವೈರಸ್ಸನ್ನು ದಕ್ಷಿಣ ಆಸ್ಟ್ರೇಲಿಯಾದ ವಾರ್ಡಂಗ್ ದ್ವೀಪದಲ್ಲಿ ಪರೀಕ್ಷಿಸುತ್ತಿದ್ದರು. 1995ರಲ್ಲಿ ಅದು ತಪ್ಪಿಸಿಕೊಂಡು ಮುಖ್ಯ ಭೂಮಿಗೆ ಬಂತು. ಒಣ ಪ್ರದೇಶದಲ್ಲಿ ಚೆನ್ನಾಗಿ ಕೆಲಸ ಮಾಡಿತು. ತೇವ ಇರುವ ಕಡೆ ಅಷ್ಟಿಲ್ಲ, ಯಾಕೆಂದರೆ ಅಲ್ಲಿ ಮೊದಲೇ ಇದ್ದ ನಿರುಪದ್ರವಿ ಕ್ಯಾಲಿಸಿವೈರಸ್ ಒಂದು ಮೊಲಗಳಿಗೆ ಸ್ವಲ್ಪ ರಕ್ಷಣೆ ಕೊಟ್ಟಿತ್ತು.

ಮ್ಯಾಕ್ವಾರಿ ದ್ವೀಪ

ಇದನ್ನು ಬಿಡಬೇಡಿ. ಅಂಟಾರ್ಕ್ಟಿಕಾದ ದಾರಿಯಲ್ಲಿರುವ ಈ ದ್ವೀಪದಲ್ಲಿ ಮೊಲವೂ ಇತ್ತು, ಕಾಡು ಬೆಕ್ಕೂ ಇತ್ತು. 1978ರಿಂದ ಮಿಕ್ಸೋಮಾ ಬಿಟ್ಟು ಮೊಲಗಳ ಸಂಖ್ಯೆ ಇಳಿಸಿದರು. ಬೆಕ್ಕುಗಳು ಕಡಲಹಕ್ಕಿಗಳ ಕಡೆ ತಿರುಗಿದವು. 2000ದ ಹೊತ್ತಿಗೆ ಬೆಕ್ಕುಗಳನ್ನೆಲ್ಲ ತೆಗೆದರು. ಮೊಲ ಮತ್ತೆ ಏರಿತು. ಬೆಕ್ಕು ಹೋದದ್ದು ಕಾರಣವೋ, ವೈರಸ್ ಬಿಡುವುದು ತಗ್ಗಿದ್ದು ಕಾರಣವೋ ಅಂತ ವಿಜ್ಞಾನಿಗಳ ನಡುವೆ ವಾದವಿದೆ. ಇಳಿಜಾರಿನ ಹುಲ್ಲು ಬೋಳಾಗಿ 2006ರಲ್ಲಿ ಮಣ್ಣು ಕುಸಿದು ಪೆಂಗ್ವಿನ್‌ಗಳು ಸತ್ತವು. ಆಮೇಲೆ ಕ್ಯಾಲಿಸಿವೈರಸ್, ಹೆಲಿಕಾಪ್ಟರಿನಿಂದ ವಿಷದ ಉಂಡೆ, ಉಳಿದವನ್ನು ಮೂಸಿ ಹಿಡಿಯುವ ನಾಯಿಗಳು. ಮೊಲ, ಇಲಿ, ಹೆಗ್ಗಣ ಮೂರನ್ನೂ ಒಟ್ಟಿಗೆ ಗುರಿ ಮಾಡಿದರು. 2014ರಲ್ಲಿ ದ್ವೀಪ ಮುಕ್ತ ಅಂತ ಘೋಷಣೆಯಾಯಿತು.

ಹಾಗಾದರೆ ಮುಖ್ಯ ಭೂಮಿಯಲ್ಲಿ?

ಅಲ್ಲಿ ಬಿಲವೇ ಗುಟ್ಟು. ನಮ್ಮ ಹೊಲದಂಚಿನ ಕಾಡುಮೊಲ ಬಿಲ ತೋಡುವುದಿಲ್ಲ, ಪೊದೆಯಲ್ಲಿ ಮಲಗುತ್ತದೆ. ಯುರೋಪಿನ ಈ ಮೊಲ ನೆಲದೊಳಗೆ ಕವಲು ಕವಲಾದ ಬಿಲ ಮಾಡಿಕೊಂಡು, ಬಿಸಿಲು, ನರಿ ಎರಡರಿಂದಲೂ ತಪ್ಪಿಸಿಕೊಂಡು, ಮರಿ ಬೆಳೆಸುತ್ತದೆ. ವೈರಸ್ 95% ಕೊಂದರೂ ಬಿಲ ಉಳಿದಿದ್ದರೆ ಮಿಕ್ಕವು ಬೇಗ ತುಂಬಿಕೊಳ್ಳುತ್ತವೆ. ಗಟ್ಟಿ ನೆಲದಲ್ಲಿ ಹೊಸ ಬಿಲ ತೋಡುವುದು ಮೊಲಕ್ಕೂ ಸುಲಭವಲ್ಲ. ಅದಕ್ಕೇ ರೋಗ ಬಂದು ಸಂಖ್ಯೆ ಇಳಿದ ತಕ್ಷಣ ಉಳಿದವಕ್ಕೆ ವಿಷ ಇಟ್ಟು, ಟ್ರ್ಯಾಕ್ಟರಿಗೆ ಉದ್ದ ಕಬ್ಬಿಣದ ಹಲ್ಲು ಕಟ್ಟಿ ಬಿಲಗಳನ್ನು ಬುಡಸಮೇತ ಸೀಳಿಹಾಕುತ್ತಾರೆ. ಪರೀಕ್ಷೆಯಲ್ಲಿ ನಿಯಂತ್ರಣ ಕ್ರಮ ಕೇಳಿದರೆ ಈ ಕ್ರಮದಲ್ಲೇ ಬರೆಯಿರಿ, ಪ್ರತಿ ಹೆಜ್ಜೆಗೂ ಕಾರಣ ಕೊಟ್ಟು.