ಎಂಆರ್‌ಐ ವರದಿ ಓದಿ ಮಲಗಿಬಿಟ್ಟ ಹುಡುಗ

ವೈದ್ಯಕೀಯ ವಿದ್ಯಾರ್ಥಿಗಳು ನಮ್ಮ ಫಿಸಿಯೊಥೆರಪಿ ವಿಭಾಗಕ್ಕೆ ಬರುವುದು ಮಧ್ಯಾಹ್ನ ಮೂರರ ನಂತರ, ಹೊರರೋಗಿಗಳ ಸಾಲು ಕರಗಿದ ಮೇಲೆ. ಏಪ್ರನ್ ಬಿಚ್ಚಿ ಬ್ಯಾಗಿಗೆ ತುರುಕಿ, ಸಹಪಾಠಿಗಳ ಕಣ್ಣಿಗೆ ಬೀಳದಂತೆ ಬರುತ್ತಾರೆ. ಕೈಯಲ್ಲೊಂದು ದೊಡ್ಡ ಕವರ್. ಕೂರುವ ಮೊದಲೇ ಅದನ್ನು ನನ್ನ ಮೇಜಿನ ಮೇಲಿಟ್ಟು, "ಮೇಡಂ, ಎಲ್5-ಎಸ್1 ಹೋಗಿದೆ" ಎನ್ನುತ್ತಾರೆ. ಬೆನ್ನುಮೂಳೆಯ ಕೆಳತುದಿಯಲ್ಲಿ, ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕಿನ ಹೆಸರು ಅದು. ಹೋಗಿದೆಯಂತೆ! ಇಪ್ಪತ್ತೊಂದು ವರ್ಷದವರ ಬಾಯಲ್ಲಿ ಆ ಮಾತು ಕೇಳಿದಾಗಲೆಲ್ಲ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಕರುಳು ಚುರುಕ್ ಎನ್ನುತ್ತದೆ.

ಕಳೆದ ವರ್ಷ ಬಂದ ಹುಡುಗನ ವಿಷಯ ಹೇಳುತ್ತೇನೆ. ಎಂಬಿಬಿಎಸ್ ಮೂರನೆಯ ವರ್ಷ, ರಾಯಚೂರು ಕಡೆಯ ಹಳ್ಳಿಯವನು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ಬೆಳಿಗ್ಗೆ ಹಾಸ್ಟೆಲಿನ ಬೇಸಿನ್ ಮೇಲೆ ಬಗ್ಗಿ ಮುಖ ತೊಳೆಯುತ್ತಿದ್ದಾಗ ಸೀನು ಬಂತು. ಸೊಂಟ ಅಲ್ಲೇ ಹಿಡಿದುಕೊಂಡಿತು. ನೆಟ್ಟಗಾಗಲು ಐದು ನಿಮಿಷ ಬೇಸಿನ್ನನ್ನೇ ಹಿಡಿದು ನಿಂತಿದ್ದನಂತೆ. ಎರಡು ದಿನ ಕಳೆದ ಮೇಲೆ ನೋವು ಎಡ ಪೃಷ್ಠದಿಂದ ಮೀನಖಂಡಕ್ಕೆ, ಅಲ್ಲಿಂದ ಪಾದದ ಹೊರ ಅಂಚಿಗೆ ಇಳಿದು ಕಿರುಬೆರಳು ಜುಮುಗುಟ್ಟತೊಡಗಿತು.

ಇಷ್ಟಾದ ಮೇಲೆ ಅವನು ಮಾಡಬೇಕಾಗಿದ್ದು ನೂರು ಹೆಜ್ಜೆ ನಡೆದು ನಮ್ಮದೇ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಬರುವುದು. ಮಾಡಿದ್ದು ಆಟೊ ಹಿಡಿದು ಊರಿನ ಸ್ಕ್ಯಾನ್ ಕೇಂದ್ರಕ್ಕೆ ಹೋಗುವುದು. ಯಾರೂ ಅವನ ಬೆನ್ನು ಮುಟ್ಟಿ ನೋಡಿರಲಿಲ್ಲ, ಕಾಲು ಎತ್ತಿಸಿ ಪರೀಕ್ಷಿಸಿರಲಿಲ್ಲ. ಸಂಜೆ ವರದಿ ಕೈಗೆ ಬಂತು. ಡಿಸ್ಕ್ ಹೊರಚಾಚಿದೆ, ನೀರಿನಂಶ ಕಡಿಮೆಯಾಗಿದೆ, ಎಡ ನರಮೂಲಕ್ಕೆ ತಾಗುತ್ತಿದೆ ಎಂದಿತ್ತು. ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಅದರ ಅರ್ಥ ಹುಡುಕಿದ. ಮರುದಿನದಿಂದ ಮಂಚ ಬಿಟ್ಟು ಏಳಲಿಲ್ಲ. ಹದಿನೆಂಟು ದಿನ! ಊಟ, ನೀರು ಎಲ್ಲವನ್ನೂ ಸ್ನೇಹಿತರು ತಂದುಕೊಟ್ಟರು. ಥಿಯರಿಗೆ ಶೇ. 75, ಪ್ರಾಯೋಗಿಕಕ್ಕೆ ಶೇ. 80 ಹಾಜರಾತಿ ಬೇಕು ಎಂಬ ಚಿಂತೆ ಒಂದು ಕಡೆ, ಅಪ್ಪನಿಗೆ ಹೇಗೆ ಹೇಳಲಿ ಎಂಬ ಚಿಂತೆ ಇನ್ನೊಂದು ಕಡೆ.

ಈಗ ನನ್ನ ತಕರಾರು ಕೇಳಿ. ಹತ್ತೊಂಬತ್ತು ವರ್ಷಗಳಿಂದ ಇದೊಂದನ್ನೇ ಹೇಳುತ್ತಾ ಬಂದಿದ್ದೇನೆ: ಫಿಲ್ಮಿನಲ್ಲಿ ಕಾಣುವುದು ಡಿಸ್ಕಿನ ಆಕಾರ ಮಾತ್ರ. ನೋವಿನ ಅಳತೆ ಅದರಲ್ಲಿಲ್ಲ.

ಮೊದಲನೆಯದಾಗಿ, 'ಡಿಸ್ಕ್ ಜಾರಿದೆ' ಎಂದು ಜನ ಹೇಳುತ್ತಾರಲ್ಲ, ಡಿಸ್ಕ್ ಜಾರುವುದೇ ಇಲ್ಲ. ಮೇಲಿನ ಮತ್ತು ಕೆಳಗಿನ ಕಶೇರುಕಗಳಿಗೆ, ಅಂದರೆ ಬೆನ್ನಿನ ಬಿಡಿ ಮೂಳೆಗಳಿಗೆ, ಅದು ಗಟ್ಟಿಯಾಗಿ ಅಂಟಿಕೊಂಡಿದೆ, ಸುತ್ತ ನಾರಿನ ಬಳೆಯಿದೆ. ಆಗುವುದೇನೆಂದರೆ, ಆ ಬಳೆಯಲ್ಲಿ ಸಣ್ಣ ಬಿರುಕು ಬಿಟ್ಟು ಒಳಗಿನ ಮೆತ್ತನೆಯ ತಿರುಳು ಹೊರಗೆ ಇಣುಕುತ್ತದೆ. ಹೋಳಿಗೆಯ ಅಂಚು ಒಡೆದು ಹೂರಣ ಕಂಡಂತೆ ಎಂದು ನಾನು ರೋಗಿಗಳಿಗೆ ಹೇಳುತ್ತೇನೆ. ಹೊರಬಂದ ತಿರುಳು ಪಕ್ಕದ ನರಮೂಲವನ್ನು ಒತ್ತಬಹುದು. ಜೊತೆಗೆ ಅದರಲ್ಲಿರುವ ರಾಸಾಯನಿಕಗಳು ನರವನ್ನು ಕೆರಳಿಸಿ ಉರಿಯೂತ ಎಬ್ಬಿಸುತ್ತವೆ. ಜೀವ ಹಿಂಡುವ ನೋವಿನ ದೊಡ್ಡ ಪಾಲು ಈ ಉರಿಯೂತದ್ದು, ಅದು ವಾರಗಳಲ್ಲಿ ಇಳಿಯುತ್ತದೆ. ಹೊರಬಂದ ತಿರುಳನ್ನು ದೇಹದ ರಕ್ಷಣಾ ಕೋಶಗಳೇ ಮೆಲ್ಲಗೆ ತಿಂದು ಕರಗಿಸುವುದೂ ಉಂಟು. ಫಿಲ್ಮಿನಲ್ಲಿ ಭಯ ಹುಟ್ಟಿಸುವಷ್ಟು ದೊಡ್ಡದಾಗಿ ಹೊರಬಿದ್ದದ್ದೇ ಎಷ್ಟೋ ಸಲ ಸಣ್ಣದಕ್ಕಿಂತ ಚೆನ್ನಾಗಿ ಕರಗುತ್ತದೆ.

ಎರಡನೆಯದು ಇದಕ್ಕಿಂತ ಮುಖ್ಯ. ಬೆನ್ನು ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೆ ಏನು ಕಾಣುತ್ತದೆ? 1994ರಲ್ಲಿ ಅಮೆರಿಕದ ಸಂಶೋಧಕರು ಅಂತಹ 98 ಮಂದಿಯ ಎಂಆರ್‌ಐ ಪ್ರಕಟಿಸಿದರು. ಅವರಲ್ಲಿ ಶೇ. 52 ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ಶೇ. 36 ಮಾತ್ರ. 2015ರಲ್ಲಿ ಇಂತಹ 33 ಅಧ್ಯಯನಗಳನ್ನು ಒಟ್ಟುಗೂಡಿಸಿ, ನೋವಿಲ್ಲದ 3,110 ಜನರ ಲೆಕ್ಕ ಹಾಕಿದಾಗ ಇಪ್ಪತ್ತರ ಪ್ರಾಯದವರಲ್ಲೇ ಶೇ. 30ರಷ್ಟು ಮಂದಿಗೆ ಡಿಸ್ಕ್ ಉಬ್ಬು ಕಂಡಿತು, ಎಂಬತ್ತರವರಲ್ಲಿ ಶೇ. 84. ಆ ಹುಡುಗನ ತರಗತಿಯ ನೂರೈವತ್ತು ಮಂದಿಯನ್ನೂ ಸ್ಕ್ಯಾನ್ ಯಂತ್ರಕ್ಕೆ ಹತ್ತಿಸಿದರೆ ನಲವತ್ತಕ್ಕೂ ಹೆಚ್ಚು ಜನರಿಗೆ ಡಿಸ್ಕ್ ಉಬ್ಬಿದೆ ಎಂಬ ವರದಿ ಬರಬಹುದು. ಅವರೆಲ್ಲ ಇವತ್ತು ಸಂಜೆ ಮೈದಾನದಲ್ಲಿ ವಾಲಿಬಾಲ್ ಆಡುತ್ತಿರುತ್ತಾರೆ.

ಸ್ಕ್ಯಾನ್ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಯಾವಾಗ ಮಾಡಿಸಬೇಕೆಂದು ನಿರ್ಧರಿಸುವುದು ಪರೀಕ್ಷಿಸಿದ ವೈದ್ಯರ ಕೆಲಸ. ಕೆಲವು ಸಂದರ್ಭಗಳಲ್ಲಂತೂ ತಡ ಮಾಡಲೇಬಾರದು. ಮೂತ್ರ ಕಟ್ಟಿದರೆ, ಮಲ ಅಥವಾ ಮೂತ್ರದ ಮೇಲಿನ ಹಿಡಿತ ತಪ್ಪಿದರೆ, ಸೈಕಲ್ ಸೀಟಿಗೆ ತಾಗುವ ಭಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆಯತೊಡಗಿದರೆ ಅದೇ ರಾತ್ರಿ ತುರ್ತು ವಿಭಾಗಕ್ಕೆ ಹೋಗಿ. ಜ್ವರ, ತೂಕ ಇಳಿತ, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. ಮೂರು ತಿಂಗಳು ದಾಟಿದ, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬಿಗಿಯಾಗಿದ್ದು ಓಡಾಡಿದಂತೆ ಸಡಿಲವಾಗುವ ನೋವು ಎಳೆಯರಲ್ಲಿ ಕಂಡರೆ ಅದು ಬೇರೆಯೇ ಬಗೆಯ ಸಂಧಿವಾತವಿರಬಹುದು, ಸಂಧಿವಾತ ತಜ್ಞರಿಗೆ ತೋರಿಸಬೇಕು.

ನನ್ನ ಹುಡುಗನಿಗೆ ಇವು ಯಾವುವೂ ಇರಲಿಲ್ಲ. ಮೂಳೆ ವೈದ್ಯರು ಪರೀಕ್ಷಿಸಿ, ಎಡ ಹಿಮ್ಮಡಿಯ ಪ್ರತಿವರ್ತನ (ಸುತ್ತಿಗೆಯಿಂದ ತಟ್ಟಿದಾಗ ಪಾದ ತಾನಾಗಿ ಮಿಡಿಯುವುದು) ಸ್ವಲ್ಪ ಮಂದವಾಗಿದೆ, ಸದ್ಯಕ್ಕೆ ಶಸ್ತ್ರಚಿಕಿತ್ಸೆಯ ಮಾತಿಲ್ಲ, ಎರಡು ವಾರ ಬಿಟ್ಟು ಮತ್ತೆ ನೋಡೋಣ ಎಂದು ನನ್ನ ಬಳಿಗೆ ಕಳಿಸಿದ್ದರು. ಗೋಡೆ ಹಿಡಿದು ಒಂಟಿ ಕಾಲಿನ ತುದಿಬೆರಳ ಮೇಲೆ ಏಳಲು ಹೇಳಿದೆ. ಬಲಗಾಲಿನಲ್ಲಿ ಇಪ್ಪತ್ತೈದು ಸಲ ಎದ್ದ. ಎಡಗಾಲು ಹದಿನಾಲ್ಕಕ್ಕೆ ನಡುಗಿ ನಿಂತಿತು. "ಇದನ್ನು ಬರೆದಿಟ್ಟುಕೋ, ನಿನ್ನ ವರದಿ ಇದು" ಎಂದೆ.

ಹದಿನೆಂಟು ದಿನದ ಮಲಗಾಟದಿಂದ ಏನು ಸಿಕ್ಕಿತು? ತೊಡೆ ಸಣ್ಣಗಾಗಿತ್ತು, ನಿದ್ದೆ ಕೆಟ್ಟಿತ್ತು, ಎದ್ದರೆ ಏನಾದೀತೋ ಎಂಬ ಹೆದರಿಕೆ ಬೇರೂರಿತ್ತು. 1999ರಲ್ಲಿ ನೆದರ್ಲೆಂಡ್ಸಿನಲ್ಲಿ ಹೀಗೆ ಕಾಲಿಗೆ ನೋವು ಇಳಿದ 183 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಎರಡು ವಾರ ಮಲಗಿಸಿ, ಇನ್ನೊಂದನ್ನು ಓಡಾಡಲು ಬಿಟ್ಟು ನೋಡಿದರು. ಹನ್ನೆರಡು ವಾರಗಳ ಹೊತ್ತಿಗೆ ಎರಡೂ ಗುಂಪುಗಳಲ್ಲಿ ಶೇ. 87 ಮಂದಿ ಸುಧಾರಿಸಿದ್ದರು. ತೀರಾ ನೋವಿದ್ದಾಗ ಒಂದೆರಡು ದಿನ ಮಲಗುವುದು ತಪ್ಪಲ್ಲ. ಚಿತ್ರ ನೋಡಿ ಹೆದರಿ ವಾರಗಟ್ಟಲೆ ಮಲಗುವುದು ತಪ್ಪು. ಡಿಸ್ಕಿಗೆ ನೇರ ರಕ್ತನಾಳಗಳು ಇಲ್ಲವೆಂಬಷ್ಟು ಕಡಿಮೆ. ಪೋಷಕಾಂಶ ಅಕ್ಕಪಕ್ಕದ ಮೂಳೆಯಿಂದ ಒಸರಿ ಬರಬೇಕು, ಅದಕ್ಕೆ ಚಲನೆ ನೆರವಾಗುತ್ತದೆ. ಇದು ಮೊದಲ ವರ್ಷದ ಅಂಗರಚನಾ ಶಾಸ್ತ್ರದ ಪಾಠ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ತನ್ನ ಬೆನ್ನಿನ ವಿಷಯಕ್ಕೆ ಬಂದಾಗ ಅದನ್ನು ಮರೆತಿದ್ದ. ವೈದ್ಯಕೀಯ ಓದುವವರ ಕಷ್ಟವೇ ಇದು, ಪುಸ್ತಕದ ಅತಿ ಕೆಟ್ಟ ಪುಟವನ್ನೇ ತಮ್ಮದೆಂದು ಓದಿಕೊಳ್ಳುತ್ತಾರೆ.

ಮೊದಲ ವಾರ ಅವನಿಗೆ ಕೊಟ್ಟದ್ದು ದಿನಕ್ಕೆ ಆರು ಬಾರಿ ಹತ್ತು ನಿಮಿಷದ ನಡಿಗೆ, ಮತ್ತು ಅರ್ಧ ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂರಬಾರದೆಂಬ ಕಟ್ಟಪ್ಪಣೆ. ವ್ಯಾಯಾಮಗಳನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರ ಕಾಲುನೋವು ಹೆಚ್ಚಿಸಬಹುದು, ಮುಟ್ಟಿ ನೋಡದೆ ಹೇಳಲಾಗದು.

ಅಪ್ಪ ಬಂದಿದ್ದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಶೇಂಗಾದ ಚೀಲ. ಊರಿನಲ್ಲಿ ಯಾರೋ ಉಳುಕು ತೆಗೆಯುತ್ತಾರೆ, ಕರೆದುಕೊಂಡು ಹೋಗಲೇ ಎಂದು ಕೇಳಿದರು. ಬೇಡ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವನು ಆಪರೇಷನ್ ಮಾಡುವ ಡಾಕ್ಟರ್ ಆಗಬಹುದಾ ತಾಯಿ, ಗಂಟೆಗಟ್ಟಲೆ ನಿಲ್ಲಬೇಕಂತಲ್ಲ?" ಎಂದರು. ಆಗಬಹುದು ಎಂದೆ, ಖಾತರಿ ಕೊಡಲಾರೆ ಎಂದೂ ಹೇಳಿದೆ. ಇಂತಹ ನೋವು ಮತ್ತೆ ಮರುಕಳಿಸುವುದುಂಟು, ಅದನ್ನು ಮುಚ್ಚಿಡುವುದು ನನಗೆ ಒಗ್ಗುವುದಿಲ್ಲ.

ಮೂರನೆಯ ವಾರ ಅವನನ್ನು ವಾರ್ಡಿಗೆ ಕಳಿಸಿದೆ. ರೌಂಡ್ಸ್ ಎರಡು ಗಂಟೆ ನಡೆಯುತ್ತದೆ, ನಡುವೆ ಕೂರಲು ಅನುಮತಿ ಕೊಡಬೇಕೆಂದು ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದುಕೊಟ್ಟೆ. ಹತ್ತು ದಿನ ಕಳೆದು ಕೇಳಿದರೆ ಪತ್ರ ಕೊಟ್ಟೇ ಇರಲಿಲ್ಲ. ನಾಚಿಕೆಯಂತೆ. ಏಪ್ರನ್ ಜೇಬಿನಲ್ಲಿಯೇ ಇಟ್ಟುಕೊಂಡು, ಅದು ಬಟ್ಟೆಯ ಜೊತೆ ಒಗೆತಕ್ಕೆ ಹೋಗಿ, ನೀಲಿ ಶಾಯಿ ಹರಡಿದ ಮುದ್ದೆಯಾಗಿತ್ತು. ರೋಗಿಗಳು ಮಲಗಿರುವಾಗ ತಾನು ಹೇಗೆ ಕೂರಲಿ ಎಂದ. ನಾನು ಗದರಿದೆ, ಮತ್ತೊಂದು ಪತ್ರ ಬರೆದು ನಾನೇ ತೆಗೆದುಕೊಂಡು ಹೋದೆ.

ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ನನ್ನನ್ನು ತಡೆದು ಒಳಗೆ ತೋರಿಸಿದರು. ಹನ್ನೊಂದನೆಯ ಹಾಸಿಗೆಯ ಪಕ್ಕ ಕಬ್ಬಿಣದ ಸ್ಟೂಲೊಂದಿತ್ತು. ಅವನು ಕುಂಟುವುದನ್ನು ನೋಡಿ ನಾಲ್ಕು ದಿನದ ಹಿಂದೆಯೇ ಹಾಕಿಸಿದ್ದರಂತೆ. ಹುಡುಗ ಅದರ ಮೇಲೆ ಕುಳಿತು ಒಬ್ಬ ಅಜ್ಜನ ಕಾಯಿಲೆಯ ವಿವರ ಬರೆದುಕೊಳ್ಳುತ್ತಿದ್ದ. ಅಜ್ಜ ಮಾತು ನಿಲ್ಲಿಸಿ, "ಬೆನ್ನಿಗೆ ಏನಾಗಿದೆ ಡಾಕ್ಟರೇ?" ಎಂದು ಅವನನ್ನು ಕೇಳುತ್ತಿದ್ದರು.