ತಮಾಷೆಗೆ ಬರೆದ ಟೆಕ್ ಭವಿಷ್ಯ ನಿಜವಾಯ್ತು ಅಂದ್ರೆ ಬರೆದವರಿಗೆ ಮೊದಲೇ ಗೊತ್ತಿತ್ತಾ?

ಪ್ರಶ್ನೆ: "ಸರ, ಹೊಸ ವರ್ಷ ಬಂತಂದ್ರ ತಮಾಷಿಗೆ ಅಂತ ಟೆಕ್ ಭವಿಷ್ಯ ಬರೀತಾರಲ್ರೀ, ಅದರಾಗ ಒಂದೆರಡು ಖರೇನ ಆಗ್ತಾವು. ಕಂಪನಿ ಒಳಗಿನವರು ತಮಾಷಿ ಹೆಸರಿನ್ಯಾಗ ಮೊದಲ ಹೇಳಿಬಿಡ್ತಾರೇನು?" (ಗದಗದ ಓದುಗರೊಬ್ಬರು)

ಉತ್ತರ: ಇಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಡಿಸೆಂಬರ್ ಬಂದರೆ ಸಾಕು, ಹುಬ್ಬಳ್ಳಿಯ ನನ್ನ ಕಂಪ್ಯೂಟರ್ ಕ್ಲಾಸಿನಲ್ಲಿ ಇದನ್ನೇ ಕೇಳುತ್ತಾರೆ, ಮಿರ್ಚಿ ಗಾಡಿ ಮುಂದೆ ಕೇಳುತ್ತಾರೆ, ಮದುವೆ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. "ಮುಂದಿನ ವರ್ಷ ಫ್ರಿಜ್ ನಿಮ್ಮ ತೂಕ ನೋಡಿಯೇ ಬಾಗಿಲು ತೆಗೆಯುತ್ತದೆ" ಅನ್ನೋ ಥರದ ಸಾಲು ಓದಿ ನಗುವವರಿದ್ದಾರೆ, ಸಿಟ್ಟಾಗುವವರಿದ್ದಾರೆ, ಇದು ಯಾವಾಗಿಂದ ಜಾರಿ ಅಂತ ಕೇಳುವವರೂ ಇದ್ದಾರೆ. ಇವರ್ಯಾರ ಬಗ್ಗೆಯೂ ನನಗೆ ತಕರಾರಿಲ್ಲ. ತಲೆನೋವು ಅಂದ್ರೆ ಹುಬ್ಬು ಏರಿಸಿ "ನೋಡ್ತಾ ಇರ್ರಿ, ಅವರಿಗೆಲ್ಲಾ ಗೊತ್ತಿರತೈತಿ" ಅನ್ನುವ ಜಾಣರು.

ಈ ಜಾಣರು ಯಾವಾಗಲೂ ತರುವ ಸಾಕ್ಷಿ ಒಂದೇ, ರೇಜರ್. 2004ರ ಫೆಬ್ರುವರಿಯಲ್ಲಿ ಅಮೆರಿಕದ ವಿಡಂಬನೆ ಪತ್ರಿಕೆ ದಿ ಆನಿಯನ್ ಒಂದು ಬರಹ ಹಾಕಿತು. ಎದುರಾಳಿ ನಾಲ್ಕು ಬ್ಲೇಡಿನದು ತಂದ ಸಿಟ್ಟಿಗೆ ರೇಜರ್ ಕಂಪನಿಯ ಯಜಮಾನ ಐದು ಬ್ಲೇಡ್ ಹಾಕಿಬಿಡೋಣ ಅಂತ ಕೂಗಾಡುವ ತಮಾಷೆ. 2005ರ ಸೆಪ್ಟೆಂಬರಿನಲ್ಲಿ ಜಿಲೆಟ್ ಕಂಪನಿ ನಿಜವಾಗಿಯೂ ಐದು ಬ್ಲೇಡಿನ ಫ್ಯೂಷನ್ ಘೋಷಿಸಿತು. ಸರಿ, ನಿಜವಾಯ್ತು. ಆದರೆ ಅದರ ಹಿಂದಿನದನ್ನೂ ನೋಡಿ. 1998ರಲ್ಲಿ ಮೂರು ಬ್ಲೇಡಿನ ಮ್ಯಾಕ್3 ಬಂದಿತ್ತು. 2003ರಲ್ಲಿ ಶಿಕ್ ಕಂಪನಿಯ ನಾಲ್ಕು ಬ್ಲೇಡಿನದು ಬಂತು. ಮೂರು, ನಾಲ್ಕು ಆದ ಮೇಲೆ ಏನು ಅಂತ ಹೇಳೋಕೆ ಒಳಗಿನ ಸುದ್ದಿ ಬೇಕಾ? ಅಂಗನವಾಡಿ ಮಗುವನ್ನು ಕೇಳಿ. ವಿಡಂಬನೆ ಬರೆಯುವವರು ಮಾಡೋದು ಇಷ್ಟೇ: ಕಂಪನಿಗಳ ಚಾಳಿ ಯಾವ ಕಡೆ ಹೊರಟಿದೆ ನೋಡುತ್ತಾರೆ, ಅದೇ ದಾರಿಯಲ್ಲಿ ಇನ್ನೆರಡು ಹೆಜ್ಜೆ ಮುಂದೆ ಹೋಗಿ ನಿಂತು ನಗುತ್ತಾರೆ. ಕಂಪನಿಗೆ ನಾಚಿಕೆ ಇಲ್ಲದಿದ್ದರೆ ಅಲ್ಲಿಗೆ ಬಂದು ಮುಟ್ಟುತ್ತದೆ.

ಕೆಲವು ಸಲ ತಮಾಷೆಯೇ ಕೆಲಸ ಶುರು ಮಾಡಿಸುತ್ತದೆ. 1990ರ ಏಪ್ರಿಲ್ 1ರಂದು, ಇಂಟರ್ನೆಟ್ ನಿಯಮ ಬರೆಯುವ ಗಂಭೀರ ದಾಖಲೆಗಳ ಸಾಲಿನಲ್ಲೇ, ಪಾರಿವಾಳದ ಕಾಲಿಗೆ ಕಟ್ಟಿ ಡೇಟಾ ಕಳಿಸುವುದು ಹೇಗೆ ಅಂತ ಒಂದು ದಾಖಲೆ ಬಂತು. 2001ರಲ್ಲಿ ನಾರ್ವೆಯ ಬರ್ಗನ್‌ನಲ್ಲಿ ಕೆಲವರು ಸುಮ್ನಿರಲಾರದೆ ಮಾಡಿಯೇ ನೋಡಿದರು. 9 ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಕಳಿಸಿದರೆ 4ಕ್ಕೆ ಉತ್ತರ ಬಂತು, ಅದರಲ್ಲಿ ಎಲ್ಲಕ್ಕಿಂತ ಬೇಗ ಬಂದದ್ದಕ್ಕೂ 50 ನಿಮಿಷಕ್ಕಿಂತ ಜಾಸ್ತಿ ಹಿಡಿದಿತ್ತು. ಗೂಗಲ್ ಮ್ಯಾಪ್‌ನಲ್ಲಿ 2014ರ ಏಪ್ರಿಲ್ ಫೂಲ್‌ಗೆ ಪೋಕೆಮಾನ್ ಅನ್ನೋ ಕಾರ್ಟೂನ್ ಪ್ರಾಣಿಗಳನ್ನು ಹಿಡಿಯುವ ಆಟ ಇಟ್ಟಿದ್ದರು. ಅದರಿಂದಲೇ ಬೆಳೆದದ್ದು 2016ರ ಪೋಕೆಮಾನ್ ಗೋ. ಇಲ್ಲಿ ಯಾರೂ ಮುಂದಿನದನ್ನು ಕಂಡಿರಲಿಲ್ಲ. ತಮಾಷೆ ಓದಿದವರು "ಮಾಡಿದರೆ ಹ್ಯಾಂಗ?" ಅಂದುಕೊಂಡರು, ಮಾಡಿದರು.

ಇನ್ನು ಸುಳ್ಳಾದ ಸಾಲುಗಳ ಲೆಕ್ಕ ಇಟ್ಟವರು ಯಾರು? ಯಾರೂ ಇಲ್ಲ. ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇರಲಿಲ್ಲ. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಗೆ ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂತ ಕೂಗಿ ಕಾರ್ಣಿಕ ನುಡಿಯುತ್ತಾರೆ. ಒಂದೇ ಸಾಲು. ಆಮೇಲೆ ಅದನ್ನು ರೈತರು ಮಳೆಗೆ ಹೊಂದಿಸುತ್ತಾರೆ, ರಾಜಕೀಯದವರು ಕುರ್ಚಿಗೆ. ಅದು ಭಕ್ತಿಯ ವಿಷಯ, ನಾನು ಅದರ ತಂಟೆಗೆ ಹೋಗೋದಿಲ್ಲ. ಆದರೆ ಯಾರೋ ಮನೆಯಲ್ಲಿ ಕೂತು ನಗಿಸೋಕೆ ಬರೆದ ಇಪ್ಪತ್ತು ಸಾಲಿನಲ್ಲಿ ಒಂದನ್ನು ಹೆಕ್ಕಿ, ಉಳಿದದ್ದನ್ನು ಮರೆತು, ಕಾರ್ಣಿಕದ ಥರ ಹೊಂದಿಸುತ್ತಾ ಕೂತರೆ ನನಗೆ ತಡೆಯೋಕಾಗಲ್ಲ.

ಒಳಗಿನವರಿಗೆ ಗೊತ್ತಿರುತ್ತದೆ ಅನ್ನೋದೇ ದೊಡ್ಡ ಬೊಗಳೆ. ಬಾಬ್ ಮೆಟ್‌ಕಾಫ್‌ಗಿಂತ ಒಳಗಿನವರು ಬೇಕಾ? ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ ಕಂಡುಹಿಡಿದವರಲ್ಲಿ ಒಬ್ಬರು. ಅವರು 1995ರ ಕೊನೆಗೆ, ತಮಾಷೆಗಲ್ಲ, ಗಂಭೀರವಾಗಿಯೇ 1996ರಲ್ಲಿ ಇಂಟರ್ನೆಟ್ ಕುಸಿದು ಬೀಳುತ್ತದೆ ಅಂತ ಬರೆದರು. ಬೀಳಲಿಲ್ಲ. 1997ರಲ್ಲಿ ಒಂದು ಸಮ್ಮೇಳನದ ವೇದಿಕೆ ಮೇಲೆ ತಮ್ಮ ಲೇಖನದ ಕಾಗದವನ್ನು ಮಿಕ್ಸಿಗೆ ಹಾಕಿ, ನೀರು ಬೆರೆಸಿ, ಎಲ್ಲರೆದುರು ತಿಂದರು. ಬಿಲ್ ಗೇಟ್ಸ್ 2004ರಲ್ಲಿ, ಇನ್ನೆರಡು ವರ್ಷದಲ್ಲಿ ಸ್ಪ್ಯಾಮ್, ಅಂದ್ರೆ ಕೇಳದೆ ಬಂದು ಬೀಳುವ ಮೇಲ್‌ಗಳ ಕಾಟ ಮುಗಿಯುತ್ತದೆ ಅಂದಿದ್ದರು. ನಿಮ್ಮ ಮೇಲ್ ಒಮ್ಮೆ ತೆಗೆದು ನೋಡಿ.

ಇದರ ಉಲ್ಟಾ ಪ್ರಶ್ನೆಯನ್ನು ಮಾತ್ರ ಯಾರೂ ಕೇಳೋದಿಲ್ಲ: ನಿಜವನ್ನೇ ತಮಾಷೆ ಅಂದುಕೊಂಡದ್ದಿಲ್ವಾ? ಇದೆ. ಜಿಮೇಲ್ ಬಂದದ್ದು 2004ರ ಏಪ್ರಿಲ್ 1ರಂದು. ಹಾಟ್‌ಮೇಲ್ 2 ಎಂಬಿ ಜಾಗ ಕೊಡುತ್ತಿದ್ದ ಕಾಲದಲ್ಲಿ ಪುಕ್ಕಟೆ 1 ಜಿಬಿ ಅಂದರೆ ಯಾರು ನಂಬ್ತಾರೆ? ಏಪ್ರಿಲ್ ಫೂಲ್ ಮಾಡ್ತಿದ್ದಾರೆ ಅಂತ ಬಹಳ ಜನ ನಕ್ಕು ಸುಮ್ಮನಾದರು.

ಆದರೆ 2016ರಲ್ಲಿ ಹೊಸ 2000 ರೂಪಾಯಿ ನೋಟಿನಲ್ಲಿ ಎಲ್ಲಿದೆ ಅಂತ ತೋರಿಸುವ ಜಿಪಿಎಸ್ ಚಿಪ್ ಇದೆ, ನೆಲದಡಿ 120 ಮೀಟರ್ ಹೂತಿಟ್ಟರೂ ಸ್ಯಾಟಲೈಟಿಗೆ ಗೊತ್ತಾಗುತ್ತದೆ ಅಂದಾಗ ಯಾರೂ ನಗಲಿಲ್ಲ, ಟಿವಿಯವರೂ ತೋರಿಸಿದರು. ಜಿಪಿಎಸ್ ಸಿಗ್ನಲ್ 20,000 ಕಿಲೋಮೀಟರ್ ಮೇಲಿಂದ ಬರುತ್ತದೆ. ನೆಲದಡಿ ಬಿಡಿ, ಆರ್‌ಸಿಸಿ ಮನೆಯೊಳಗೇ ನಿಮ್ಮ ಫೋನಿಗೆ ಅದು ಸರಿಯಾಗಿ ಸಿಗೋದಿಲ್ಲ. ಸಿಕ್ಕರೂ ಅದು ಬರುವ ಸಿಗ್ನಲ್ ಅಷ್ಟೇ, ವಾಪಸ್ ಸುದ್ದಿ ಕಳಿಸಬೇಕಾದರೆ ನೋಟಿಗೆ ಬ್ಯಾಟರಿ ಬೇಕಲ್ವಾ? 2023ರ ಮೇ ತಿಂಗಳಲ್ಲಿ ಆ ನೋಟನ್ನು ಚಲಾವಣೆಯಿಂದ ಹಿಂದಕ್ಕೆ ತೆಗೆದುಕೊಂಡಾಗ, ರಿಸರ್ವ್ ಬ್ಯಾಂಕ್ "ತಂದು ಕಟ್ಟಿ, ಇಲ್ಲಾ ಬದಲಾಯಿಸಿಕೊಳ್ಳಿ" ಅಂತ ಜನರಿಗೇ ಹೇಳಬೇಕಾಯ್ತು. ಚಿಪ್ ಇದ್ದಿದ್ದರೆ ಅವರೇ ಮನೆಮನೆಗೆ ಬರ್ತಿದ್ದರು.