ವೋಲ್ಟೇಜ್ ಇಳಿದರೆ ಗೀಸರ್ ಕರೆಂಟ್ ಜಾಸ್ತಿ ಎಳೆಯುತ್ತಾ?

ಚಳಿ ಶುರುವಾಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. "ಸಾರ್, ಬೆಳಿಗ್ಗೆ ವೋಲ್ಟೇಜ್ 180ಕ್ಕೆ ಇಳಿಯುತ್ತೆ. ಗೀಸರ್ ಕರೆಂಟ್ ಜಾಸ್ತಿ ಎಳೆದು ಸುಟ್ಟು ಹೋಗಲ್ವಾ?" ಇಲ್ಲ ಅಂದರೆ ನಂಬುವುದಿಲ್ಲ, ಲೆಕ್ಕ ತೋರಿಸುತ್ತಾರೆ. 2000 ವಾಟನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್, 180ರಿಂದ ಭಾಗಿಸಿದರೆ 11.1. ಏರಿತಲ್ಲ!

ಭಾಗಾಕಾರ ಸರಿಯಾಗಿದೆ, ಹಿಡಿದ ದಾರಿ ತಪ್ಪು. ಗೀಸರ್ ಮೇಲಿನ 2000 ವಾಟ್ 230 ವೋಲ್ಟ್ ಸಿಕ್ಕಾಗಿನ ಮಾತು. ವೋಲ್ಟೇಜ್ ಏನೇ ಆಗಲಿ, ಹೆಚ್ಚುಕಡಿಮೆ ಹಾಗೇ ಉಳಿಯುವುದು ಒಳಗಿನ ಕಾಯಿಲಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ; ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಮೊದಲು ಅದನ್ನು ಕಂಡುಹಿಡಿಯಿರಿ. 230ನ್ನು 8.7ರಿಂದ ಭಾಗಿಸಿ: ಸುಮಾರು 26.4 ಓಮ್. ಈಗ 180ನ್ನು ಆ 26.4ರಿಂದ ಭಾಗಿಸಿ: 6.8 ಆಂಪಿಯರ್. ಕರೆಂಟ್ ಇಳಿಯಿತು. ಪವರ್ ಬೇಕಾದರೆ 180ನ್ನು 6.8ರಿಂದ ಗುಣಿಸಿ: ಸುಮಾರು 1225 ವಾಟ್. ವೋಲ್ಟೇಜ್ ಶೇ. 22 ಇಳಿದರೆ ಪವರ್ ಶೇ. 39 ಇಳಿಯುತ್ತದೆ, ಯಾಕೆಂದರೆ ವೋಲ್ಟೇಜ್ ಜೊತೆಗೆ ಕರೆಂಟೂ ಇಳಿಯುತ್ತದೆ. ಗೀಸರ್ ಸುಡುವುದಿಲ್ಲ, ನೀರು ಕಾಯುವುದು ತಡವಾಗುತ್ತದೆ, ಅಷ್ಟೇ.

ಜನರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಪಂಪ್‌ಸೆಟ್ ಇಟ್ಟ ರೈತರು ಕಣ್ಣಾರೆ ಕಂಡದ್ದು ಅದು. ಮೋಟಾರು ಅಷ್ಟೇ ನೀರನ್ನು ಅಷ್ಟೇ ಎತ್ತರಕ್ಕೆ ಎತ್ತಬೇಕು. ವೋಲ್ಟೇಜ್ ಕಮ್ಮಿಯಾದರೆ ಸಾಮಾನ್ಯವಾಗಿ ಕರೆಂಟ್ ಏರುತ್ತದೆ, ವೈಂಡಿಂಗ್ ಸುಡುತ್ತದೆ. ಎಷ್ಟು ಏರುತ್ತದೆ ಅನ್ನುವುದನ್ನು ಲೋಡ್ ನೋಡದೆ ನಾನು ಹೇಳಲಾರೆ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬರುತ್ತದೆ ಅನ್ನುವ ಲೆಕ್ಕ) ಬೇರೆ ಇರುವುದರಿಂದ ಮೋಟಾರಿಗೆ ಬರೀ ವೋಲ್ಟ್ ಗುಣಿಸು ಆಂಪಿಯರ್ ಸಾಲದು. ಆದರೆ ಆ ಅನುಭವವನ್ನು ತಂದು ಗೀಸರಿಗೆ, ಇಸ್ತ್ರಿ ಪೆಟ್ಟಿಗೆಗೆ ಅಂಟಿಸಬೇಡಿ.

ಹಾಗಂತ ವೋಲ್ಟೇಜ್ ಕಮ್ಮಿ ಅಂತ ಮೈಮರೆಯಲೂ ಬೇಡಿ; ಮೈಮರೆತರೆ ಏನಾಗುತ್ತದೆ ಅಂತ ಸಕಲೇಶಪುರದ ಕಡೆಯ ಒಂದು ತೋಟದ ಮನೆಯಲ್ಲಿ ನೋಡಿದೆ. ಬೆಳಿಗ್ಗೆ ನೀರು ಕಾಯುತ್ತಿಲ್ಲ ಅಂತ 2000 ವಾಟ್ ತೆಗೆದು 3000 ವಾಟಿನ ಗೀಸರ್ ಹಾಕಿಸಿದ್ದರು. ಹಳೆ ವೈರು, ಹಳೆ ಸಾಕೆಟ್. "ಇಲ್ಲಿ ವೋಲ್ಟೇಜೇ ಇಲ್ಲ, ಏನೂ ಆಗಲ್ಲ ಬಿಡಿ" ಅಂದರು ಯಜಮಾನರು. ಬಹಳ ಒಳ್ಳೆಯವರು, ಕಾಫಿ ಕುಡಿಸದೆ ಕೆಲಸ ಮುಟ್ಟಲು ಬಿಡಲಿಲ್ಲ. ನಡುರಾತ್ರಿ ಊರೆಲ್ಲ ಮಲಗಿದ ಮೇಲೆ ಅದೇ ಲೈನಿನಲ್ಲಿ ವೋಲ್ಟೇಜ್ 250ಕ್ಕೆ ಏರುತ್ತಿತ್ತು. ಕಾಯಿಲ್ 17.6 ಓಮ್. ಅಂದರೆ 14.2 ಆಂಪಿಯರ್, ಸುಮಾರು 3550 ವಾಟ್. ಸಾಕೆಟ್ ಬಿಚ್ಚಿದರೆ ಸ್ಕ್ರೂ ಸಡಿಲ, ವೈರಿನ ಸಿಪ್ಪೆ ಕಂದಾಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಅಂಥ ಸಡಿಲ ಜಾಗದಲ್ಲಿ ಅರ್ಧ ಓಮ್ ಇದ್ದರೆ ಸಾಕು: 14.2 ಗುಣಿಸು 14.2 ಗುಣಿಸು 0.5, ಅಲ್ಲೇ 100 ವಾಟ್ ಶಾಖ. ಬೆಂಕಿ ಹತ್ತದೇ ಇದ್ದದ್ದು ಅವರ ಪುಣ್ಯ. ದಯವಿಟ್ಟು ವೈರನ್ನು ಲೆಕ್ಕ ಹಾಕುವಾಗ ಬೆಳಗಿನ ವೋಲ್ಟೇಜ್ ಹಿಡಿಯಬೇಡಿ, ನಡುರಾತ್ರಿಯದ್ದನ್ನು ಹಿಡಿಯಿರಿ.

ಮಲ್ಟಿಮೀಟರ್ ಇಟ್ಟುಕೊಂಡವರಿಗೆ ಒಂದು ಮಾತು. ಓಮ್ ನೋಡುವಾಗ ಪ್ಲಗ್ ಕಿತ್ತೇ ನೋಡಿ. ಗೀಸರಿನ ನೀರು ತಣ್ಣಗಿರಲಿ, ಇಲ್ಲದಿದ್ದರೆ ಥರ್ಮೋಸ್ಟಾಟ್ (ನೀರು ಕಾದ ಮೇಲೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಕಟ್ ಆಗಿ ಮೀಟರ್ ಏನೂ ತೋರಿಸುವುದಿಲ್ಲ. ಹಳೆಯ 100 ವಾಟಿನ ಬುರುಡೆ ಬಲ್ಬಿನಲ್ಲಿ ಈ ಲೆಕ್ಕ ಪರೀಕ್ಷಿಸಲು ಹೋಗಬೇಡಿ. ಉರಿಯುವಾಗ ಅದು 529 ಓಮ್, ತಣ್ಣಗಿದ್ದಾಗ 40ರ ಆಸುಪಾಸು. ಮೀಟರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ಯಬೇಡಿ.